ಕಬ್ಬಿನ ಸೀಮೆಯ ಮಕ್ಕಳೇ, ಪ್ರಯೋಗಶಾಲೆಗೆ ಬನ್ನಿ

1880ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕೆಲವು ಹರಳುಗಳನ್ನು ಒತ್ತಿ ಪರೀಕ್ಷಿಸಿದರು. ಒತ್ತಡ ಬಿದ್ದ ಕೂಡಲೇ ಹರಳಿನ ಮೈಮೇಲೆ ವಿದ್ಯುತ್ತು ಮೂಡಿತು. ಅವರು ಒತ್ತಿದ್ದರಲ್ಲಿ ಸ್ಫಟಿಕವಿತ್ತು, ಪುಷ್ಯರಾಗವಿತ್ತು, ಕಬ್ಬಿನ ಸಕ್ಕರೆಯ ಹರಳೂ ಇತ್ತು. ಪಿಯರ್‌ಗೆ ಆಗ 21 ವರ್ಷ. ನಮ್ಮಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗನ ವಯಸ್ಸು.

ಬೆಲ್ಲದ ಬಾಗೇವಾಡಿ, ಹುಕ್ಕೇರಿ, ಗೋಕಾಕ, ಮೂಡಲಗಿಯ ಮಕ್ಕಳೇ, ಇಂದು ಸೆನ್ಸರ್ ಎಂದು, ಸುತ್ತಲಿನ ಶಕ್ತಿಯ ಕೊಯ್ಲು ಎಂದು ಜಗತ್ತು ಬೆನ್ನು ಹತ್ತಿರುವ ವಿದ್ಯೆಯ ಮೊದಲ ಪುಟದಲ್ಲೇ ನಿಮ್ಮ ಹೊಲದ ಬೆಳೆಯಿದೆ. ಇದನ್ನು ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ನಾನರಿಯೆ. ನಾನಂತೂ ಹೇಳುತ್ತೇನೆ.

ನಂಬದಿದ್ದರೆ ಇವತ್ತೇ ನೋಡಿ. ಅಮಾವಾಸ್ಯೆಯಂಥ ಕತ್ತಲೆಯ ಕೋಣೆಯಲ್ಲಿ ಹತ್ತು ನಿಮಿಷ ಕುಳಿತು ಕಣ್ಣು ಹೊಂದಿಸಿಕೊಳ್ಳಿ. ಒಂದು ದಪ್ಪ ಕಲ್ಲುಸಕ್ಕರೆಯನ್ನು ಇಕ್ಕಳದಲ್ಲಿ ಹಿಡಿದು ಫಟ್ಟನೆ ಮುರಿಯಿರಿ. ಮುರಿಯುವ ಕ್ಷಣದಲ್ಲಿ ನಸುನೀಲಿ ಮಿಣುಕೊಂದು ಹಾದುಹೋಗುತ್ತದೆ. ಸಕ್ಕರೆಯ ಹರಳಿನಲ್ಲಿ ಅಣುಗಳು ಎಡಬಲ ಸಮವಾಗಿ ಕೂತಿಲ್ಲ. ಆದ್ದರಿಂದ ಒತ್ತಿದಾಗ ಧನ ಋಣ ವಿದ್ಯುದಂಶಗಳು ಬೇರೆ ಬೇರೆ ಕಡೆಗೆ ಸರಿಯುತ್ತವೆ. ಮುರಿದ ಎರಡು ಮುಖಗಳ ನಡುವಿನ ಗಾಳಿಯಲ್ಲಿ ಕಿಡಿ ಹಾರಿ ನೈಟ್ರೋಜನ್ ಬೆಳಗುತ್ತದೆ. ಆಕಾಶದ ಮಿಂಚಿನಲ್ಲಿ ಬೆಳಗುವುದೂ ಇದೇ ನೈಟ್ರೋಜನ್. ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 17ನೇ ಶತಮಾನದಲ್ಲೇ ಈ ಬೆಳಕನ್ನು ಗುರುತಿಸಿ ಬರೆದ. ಆದರೂ ಇದರ ಪೂರ್ತಿ ಲೆಕ್ಕ ವಿಜ್ಞಾನಿಗಳಿಗೆ ಇನ್ನೂ ಸಿಕ್ಕಿಲ್ಲ. ನಾಲ್ಕು ನೂರು ವರ್ಷ ನೋಡಿಯೂ ಮುಗಿಯದ ಪ್ರಶ್ನೆ ಕಿರಾಣಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ!

ಸಕ್ಕರೆಯಿಂದಲೇ ಯಂತ್ರ ಮಾಡಲಾಗದು, ಅದು ಹಸಿಗಾಳಿಗೇ ಕರಗುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರ್‌ನಲ್ಲಿ ಕೆಲಸ ಮಾಡುವುದು ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಒಂದು ಪಿಂಗಾಣಿ ಬಿಲ್ಲೆ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅದಕ್ಕೆ ಬಡಿಯುತ್ತದೆ, ಸಾವಿರಾರು ವೋಲ್ಟು ಹುಟ್ಟಿ ಕಿಡಿ ಹಾರುತ್ತದೆ. ಆದರೆ ಸೀಸ ವಿಷ. ಅದಿಲ್ಲದೆ ಅಷ್ಟೇ ಚೆನ್ನಾಗಿ ಕೆಲಸ ಮಾಡುವ, ಅಷ್ಟೇ ಅಗ್ಗದ ವಸ್ತುವಿಗಾಗಿ ಹುಡುಕಾಟ ಲೋಕದ ಎಲ್ಲೆಡೆ ನಡೆದಿದೆ. ಆ ಸಾಲಿನಲ್ಲಿ ನಿಮಗೂ ಜಾಗವಿದೆ.

ಇನ್ನು ಬೆಂಕಿಯ ಮಾತು. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಪಾಕ 118 ಡಿಗ್ರಿ ಆಸುಪಾಸಿಗೆ ಹದಕ್ಕೆ ಬರುತ್ತದೆ. ಕೆಳಗಿನ ಒಲೆಯ ಕಾವು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದರಲ್ಲಿ ದೊಡ್ಡ ಪಾಲು ಚಿಮಣಿಯಿಂದ ಆಕಾಶಕ್ಕೆ ಹೋಗುತ್ತದೆ. ಒಂದು ಬದಿ ಕಾದು ಇನ್ನೊಂದು ಬದಿ ತಣ್ಣಗಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದರ ಸುಳಿವು ವಿಜ್ಞಾನಿ ಸೀಬೆಕ್‌ಗೆ ಸಿಕ್ಕಿದ್ದು 1821ರಲ್ಲಿ. ಕಷ್ಟ ಇರುವುದು ವಸ್ತುವಿನಲ್ಲೇ. ಅದು ವಿದ್ಯುತ್ತನ್ನು ಸರಾಗವಾಗಿ ಬಿಡಬೇಕು, ಶಾಖವನ್ನು ಮಾತ್ರ ತಡೆಯಬೇಕು. ಸಾಮಾನ್ಯವಾಗಿ ಒಂದನ್ನು ಬಿಡುವ ಲೋಹ ಇನ್ನೊಂದನ್ನೂ ಬಿಡುತ್ತದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಅವರ ತಂಡ ಬೆಳ್ಳಿ, ಆಂಟಿಮನಿ, ಟೆಲ್ಯುರಿಯಂ ಕೂಡಿದ ವಸ್ತುವಿಗೆ ಚೂರೇ ಕ್ಯಾಡ್ಮಿಯಂ ಸೇರಿಸಿತು. ಪರಮಾಣುಗಳ ಸಾಲು ಶಿಸ್ತಿಗೆ ಬಂತು, ವಿದ್ಯುತ್ತಿನ ದಾರಿ ಸಲೀಸಾಯಿತು, ಶಾಖದ ದಾರಿ ಇನ್ನೂ ಇಕ್ಕಟ್ಟಾಯಿತು. 2021ರಲ್ಲಿ ‘ಸೈನ್ಸ್’ ಪತ್ರಿಕೆ ಅದನ್ನು ಪ್ರಕಟಿಸಿತು. ಜಕ್ಕೂರು ನಿಮ್ಮೂರಿನಿಂದ ಒಂದು ರಾತ್ರಿಯ ಬಸ್ಸಿನ ದಾರಿ, ಅಷ್ಟೇ.

ನೀರಿನ ಕಥೆಯೂ ನಿಮ್ಮದೇ. 1887ರಿಂದ ಗೋಕಾಕ ಜಲಪಾತದ ನೀರಿನ ಬಲದಿಂದ ಗಿರಣಿ ನಡೆಯಿತು. ಹರಿವಿನಿಂದ ನೇರವಾಗಿ ವಿದ್ಯುತ್ತನ್ನೂ ಪಡೆಯಬಹುದು: 2003ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಸಂಗಡಿಗರು ಇಂಗಾಲದ ನ್ಯಾನೊ ನಳಿಕೆಗಳ ಮೇಲೆ ದ್ರವ ಹರಿಸಿ ಕೆಲವೇ ಮಿಲಿವೋಲ್ಟು ಪಡೆದರು. ಹರಿವು ಬದಲಾದರೆ ವೋಲ್ಟೂ ಬದಲಾಗುತ್ತದೆ, ಹಾಗಾಗಿ ಅದು ಹರಿವನ್ನು ಅಳೆಯುವ ಸೆನ್ಸರ್ ಕೂಡ ಹೌದು.

ಇಷ್ಟು ವಿದ್ಯುತ್ತಿನಿಂದ ಪಂಪ್‌ಸೆಟ್ಟು ತಿರುಗುವುದಿಲ್ಲ. ಹಾಗೆ ಹೇಳಿ ನಿಮ್ಮನ್ನು ಮರುಳು ಮಾಡಲಾರೆ. ಆದರೆ ಹೊಲದ ನಡುವೆ ನೆಟ್ಟರೆ ಮಣ್ಣಿನ ತೇವ ಹೇಳುವ ಸಣ್ಣ ಸಾಧನಕ್ಕೆ ಮಿಲಿವ್ಯಾಟು ಸಾಕು, ಎಷ್ಟೋ ಸಲ ಅದಕ್ಕಿಂತ ಕಡಿಮೆಯೇ ಸಾಕು. ಬ್ಯಾಟರಿ ಬದಲಿಸಲು ಆಳೆತ್ತರದ ಕಬ್ಬಿನೊಳಗೆ ಯಾರು ನುಗ್ಗುತ್ತಾರೆ? ಸುತ್ತಲಿನ ಬಿಸಿಲು, ಕಾವು, ಅಲುಗಾಟದಿಂದಲೇ ಅದು ಬದುಕಬೇಕು.

ಸೆನ್ಸರ್ ನಿಮ್ಮ ಮನೆತನದ ಬದುಕಿನೊಳಗೆ ಆಗಲೇ ಬಂದು ಕೂತಿದೆ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಅಡಿಯಲ್ಲಿ ಉಕ್ಕಿನ ಲೋಡ್ ಸೆಲ್‌ಗಳಿವೆ. ಕಬ್ಬಿನ ಟ್ರ್ಯಾಕ್ಟರ್ ಮೇಲೇರಿದಾಗ ಆ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ಲೋಹದ ಪಟ್ಟಿ ಹಿಗ್ಗಿ ವಿದ್ಯುತ್ ರೋಧ ಬದಲಾಗುತ್ತದೆ. ಚೀಟಿಯಲ್ಲಿ ಟನ್ ಎಂದು ಅಚ್ಚಾಗುವುದು ಆ ಬದಲಾವಣೆಯೇ. ಅಪ್ಪನ ಒಂದು ವರ್ಷದ ದುಡಿಮೆಯ ಬೆಲೆ ಅಂಥ ಪಟ್ಟಿಯ ಮೇಲೆ ನಿಂತಿರುವಾಗ, ಅದರ ಒಳಮರ್ಮ ಬಲ್ಲವರು ಈ ಊರುಗಳಲ್ಲಿ ಬೇಡವೇ?

ನಿಮ್ಮ ಹಿರಿಯರು ಕೈಕಟ್ಟಿ ಕೂತವರಲ್ಲ. 1969ರಲ್ಲೇ ಹುಕ್ಕೇರಿಯ ಜನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿದರು. ಊರೂರಿಗೆ ತಂತಿ ಎಳೆಯುವ ಕೆಲಸವನ್ನು ರೈತರೇ ಸೇರಿ ಕೈಗೆತ್ತಿಕೊಂಡಿದ್ದು ದೇಶದಲ್ಲಿ ಎಷ್ಟು ಕಡೆ? ಅವರ ಮೊಮ್ಮಕ್ಕಳು ನೀವು.

ಇಂಗ್ಲಿಷಿಗೆ ಅಂಜಬೇಡಿ. ಭಾರತರತ್ನ ವಿಜ್ಞಾನಿ ಸಿ.ಎನ್.ಆರ್. ರಾವ್ ಹೈಸ್ಕೂಲು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅವರ ಮನೆಯಲ್ಲಿ ಇಂಗ್ಲಿಷಿತ್ತು ನಿಜ, ನಿಮ್ಮಲ್ಲಿ ಹಲವರಿಗೆ ಅದೂ ಇಲ್ಲ. ಎರಡು ವರ್ಷ ಹಲ್ಲುಕಚ್ಚಿ ಕಲಿಯಬೇಕಾದೀತು, ಕಲಿಯಿರಿ. ತಂಗೀ, ನಿನಗೂ ಈ ಮಾತು: ಪ್ರಯೋಗಶಾಲೆಯ ಫರ್ನೇಸಿನ ಮುಂದೆ ನಿಲ್ಲಲು ಗಂಡಸೇ ಆಗಬೇಕೆಂದೇನೂ ಇಲ್ಲ.

ದುಡ್ಡಿನ ಚಿಂತೆ ಮನೆಯವರಿಗಿರುತ್ತದೆ, ಅವರಿಗೆ ಇದನ್ನು ಓದಿ ಹೇಳಿ. ಬಿ.ಎಸ್ಸಿ. ಆದ ಮೇಲೆ ಜಾಮ್ (JAM) ಪ್ರವೇಶ ಪರೀಕ್ಷೆ ಬರೆದು ಭಾರತೀಯ ವಿಜ್ಞಾನ ಸಂಸ್ಥೆಯ ಅಥವಾ ಜಕ್ಕೂರಿನ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಹೋಗಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಇದೆ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕ ಸಂಶೋಧನಾ ವಿದ್ಯಾರ್ಥಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ಪು. ಓದುತ್ತಲೇ ಮನೆಗೆ ಕಳಿಸಬಹುದಾದ ಹಣ ಇದು. ಇನ್ನೂ ಕಾಲೇಜಿನಲ್ಲಿರುವವರಿಗೆ ಜಕ್ಕೂರಿನವರು ಬೇಸಿಗೆಯ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತಾರೆ.

ಹೋಗುವಾಗ ಬರಿಗೈಲಿ ಹೋಗಬೇಡಿ, ಇಲ್ಲಿನ ಪ್ರಶ್ನೆ ಹೊತ್ತು ಹೋಗಿ. ನಿಂತ ಕಬ್ಬಿನ ಸಿಹಿ ಎಷ್ಟೆಂದು ತಿಳಿಯಲು ಇಂದಿಗೂ ರಸ ಹಿಂಡಿ ಒಂದು ಹನಿಯನ್ನು ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರಿಗೆ ಹಾಕುತ್ತೇವೆ. ಕಡಿಯದೆ, ಹಿಂಡದೆ ಅದನ್ನು ಹೇಳುವ ಪಟ್ಟಿಯೊಂದನ್ನು ಯಾವ ವಸ್ತುವಿನಿಂದ ಮಾಡಬಹುದು? ಗಾಣದ ಒಲೆಯ ಮಸಿ, ಕಾವು ತಾಳಿಕೊಂಡು ಒಂದು ಬಲ್ಬು ಉರಿಸುವ ಫಲಕವನ್ನು ಹೇಗೆ ಕಟ್ಟಬಹುದು? ಎರಡರಲ್ಲಿ ಒಂದನ್ನು ಆರಿಸಿ ಅರ್ಧ ಪುಟ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಸೋಮವಾರ ಭೌತಶಾಸ್ತ್ರದ ಸರ್ ಸ್ಟಾಫ್ ರೂಮಿಗೆ ಬಂದ ಕೂಡಲೇ ಅದನ್ನು ಅವರ ಮೇಜಿನ ಮೇಲಿಟ್ಟು, ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿ.