ಬರದ ಸೀಮೆಯ ಲೆಕ್ಕಪಾಠ



ಇಲ್ಲಿ ಕುಳಿತ ಪದವೀಧರರಲ್ಲಿ ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯವರೇ ಹೆಚ್ಚು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಮಳೆರಾಯನಿಗೆ ಮಾತ್ರ ಎರಡೂ ಕೇಳಿಸುವುದಿಲ್ಲ. ಆರ್ಥಿಕ ಹಿಂಜರಿತದಲ್ಲಿ ಸರ್ಕಾರ ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ನಿಮಗೆ ಹೇಳಲು ನಾನು ಉದಾಹರಣೆ ಹುಡುಕಿಕೊಂಡು ಅಮೆರಿಕದವರೆಗೆ ಹೋಗಬೇಕಿಲ್ಲ. ಈ ಬರದ ಸೀಮೆಯೇ ಸಾಕು.

1876-78ರ ಧಾತು-ಈಶ್ವರ ಬರದಲ್ಲಿ ಈ ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಪರಿಹಾರ ಕಾಮಗಾರಿ ಆಗಲೂ ಇತ್ತು. ಖರ್ಚು ತಗ್ಗಿಸಲೆಂದೇ ವೈಸ್‌ರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, 1877ರಲ್ಲಿ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ದಿನವಿಡೀ ಮೈಮುರಿಯುವ ಗಂಡಾಳಿಗೆ ಅರ್ಧ ಕಿಲೋಗೂ ಕಡಿಮೆ ಕಾಳು! ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪಟ್ಟುಹಿಡಿದು ವಿರೋಧಿಸಿದ ಮೇಲೆ ಕೂಲಿ ಒಂದಿಷ್ಟು ಏರಿತು. ಲಕ್ಷಗಟ್ಟಲೆ ಜನ ಸತ್ತರು, ಬೊಕ್ಕಸ ಉಳಿಯಿತು.

2006ರ ಫೆಬ್ರುವರಿ 2ರಂದು ಪ್ರಧಾನಿ ಮನಮೋಹನ್ ಸಿಂಗ್ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಗೆ ಚಾಲನೆ ಕೊಟ್ಟದ್ದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಆಗ ಆಂಧ್ರದಲ್ಲಿ ಕೂಲಿ 80 ರೂಪಾಯಿ. ಬರಗಾಲದ ಕಾಮಗಾರಿಗೂ ಇದಕ್ಕೂ ವ್ಯತ್ಯಾಸ ಕೂಲಿಯ ಮೊತ್ತದಲ್ಲಷ್ಟೇ ಇರಲಿಲ್ಲ. ಕೆಲಸ ಕೇಳುವುದು ಹಕ್ಕಾಯಿತು.

ಮಡಕಶಿರಾ ಮಗ್ಗುಲಿನ ಒಂದು ಕೆರೆಯಂಗಳ ನೆನೆಸಿಕೊಳ್ಳಿ. ಮೇ ತಿಂಗಳು. ಬಿಸಿಲೇರುವ ಮೊದಲೇ ಗುದ್ದಲಿ, ಪುಟ್ಟಿ ಹಿಡಿದು ಬಂದ ಹೆಂಗಸರು. ಕೆಲಸದ ಉಸ್ತುವಾರಿ ನೋಡುವ ಮೇಟ್ ಟೇಪು ಹಿಡಿದು ಗುಂಡಿ ಅಳೆಯುತ್ತಾನೆ. ಅಳತೆ ತಗ್ಗಿದರೆ ಕೂಲಿಯೂ ತಗ್ಗುತ್ತದೆ. ಆ ದುಡ್ಡು ಕೈಸೇರಿದ ವಾರವೇ ರಾಗಿ, ಎಣ್ಣೆ, ಮಗಳ ಫೀಸು ಎಂದು ಕರಗುತ್ತದೆ. ಅಂಗಡಿಯವನ ಉದ್ರಿ ತೀರುತ್ತದೆ, ಅವನು ಸಗಟು ವ್ಯಾಪಾರಿಯ ಬಾಕಿ ಕಟ್ಟುತ್ತಾನೆ. ನಾನು ಬಲ್ಲ ಉತ್ತೇಜನ ಇಷ್ಟೇ: ಇಟ್ಟುಕೊಳ್ಳಲು ಪುರಸೊತ್ತಿಲ್ಲದವರ ಕೈಗೆ ಮೊದಲು ಹಣ.

ದಿಲ್ಲಿ ಇದರ ತಿರುವುಮುರುವನ್ನೂ ಮಾಡಿ ನೋಡಿದೆ. 2019ರ ಸೆಪ್ಟೆಂಬರಿನಲ್ಲಿ ಬೇಡಿಕೆ ಕುಸಿದಿದ್ದಾಗ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿ, 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಡುವುದಾಗಿ ಹೇಳಿತು. ಕೊಳ್ಳುವವರೇ ಇಲ್ಲದಾಗ ಯಾವ ಕಂಪನಿ ಹೊಸ ಕಾರ್ಖಾನೆ ಕಟ್ಟೀತು? ಮರುವರ್ಷ ಲಾಕ್‌ಡೌನ್. ರಾಯದುರ್ಗದ ಜೀನ್ಸ್ ಹೊಲಿಗೆ ನಿಂತಿತು, ಬೆಂಗಳೂರಿಗೆ ಗುಳೆ ಹೋದವರು ಗಂಟುಮೂಟೆ ಹೊತ್ತು ಮರಳಿದರು. ಖಾತ್ರಿಗೆ ಬಜೆಟ್ಟಿನಲ್ಲಿಟ್ಟಿದ್ದ 61,500 ಕೋಟಿ ಸಾಲದೆಂದು ಮೇ ತಿಂಗಳಲ್ಲಿ ಇನ್ನೂ 40,000 ಕೋಟಿ ಘೋಷಿಸಬೇಕಾಯಿತು. ಯಾರೂ ಹೊಸ ಯೋಜನೆ ಬರೆಯುತ್ತ ಕೂರಲಿಲ್ಲ. ಖಾತ್ರಿಯ ಜಾಬ್ ಕಾರ್ಡು ಮನೆಯ ಗೂಡಿನಲ್ಲೇ ಇತ್ತು.

ಖಾತ್ರಿಯಲ್ಲಿ ಹುಳುಕಿಲ್ಲವೆಂದಲ್ಲ. ಕೂಲಿಯವರ ಹಾಜರಿ ಪಟ್ಟಿಯಾದ ಮಸ್ಟರ್ ರೋಲಿನಲ್ಲಿ ಸುಳ್ಳು ಹೆಸರುಗಳು ಸಿಕ್ಕಿವೆ. ಆದರೆ ಅವನ್ನು ಊರವರ ಮುಂದೆ ಓದಿ ಹೇಳುವ ಸಾಮಾಜಿಕ ತಪಾಸಣೆಯನ್ನು ಆಂಧ್ರ ಬೇರೆಯವರಿಗಿಂತ ಮೊದಲೇ ಬೇರೂರಿಸಿತು. ಬಿತ್ತನೆಗೆ ಆಳು ಸಿಗುವುದಿಲ್ಲವೆಂಬ ರೈತರ ಗೊಣಗಾಟವೂ ಪೂರ್ತಿ ಸುಳ್ಳಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಕೂಲಿ ತಡವಾಗುವುದರ ಮೇಲೆ. ಮೇ ತಿಂಗಳ ಕೂಲಿ ದಸರೆಗೆ ಬಂದರೆ ಅದು ಬಡ್ಡಿಯವನಿಗೆ ಉತ್ತೇಜನ.

2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ವರ್ಷಕ್ಕೆ ಕೊಡಬೇಕಾದ ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು, ಸಂತೋಷ. ಆದರೆ ಮೊದಲು ಕೂಲಿಯ ಪೂರ್ತಿ ಹೊರೆ ಕೇಂದ್ರದ್ದಾಗಿತ್ತು. ಹೊಸ ಕಾಯ್ದೆಯಂತೆ ಆಂಧ್ರದಂಥ ರಾಜ್ಯಗಳು ಖರ್ಚಿನ ಶೇ 40 ಭರಿಸಬೇಕು. ಹಿಂಜರಿತ ಬಂದಾಗ ರಾಜ್ಯದ ಬೊಕ್ಕಸವೂ ಸೊರಗುತ್ತದೆ, ಸಾಲ ಎತ್ತಲು ದಿಲ್ಲಿ ಹಾಕಿದ ಗೆರೆ ದಾಟುವಂತಿಲ್ಲ. ಕೆಲಸ ಹೆಚ್ಚು ಬೇಕಾದ ವರ್ಷದಲ್ಲೇ ಕೈ ಕಟ್ಟಿಹಾಕುವ ಏರ್ಪಾಡು ಇದು.

ನಿಮ್ಮಲ್ಲಿ ಕೆಲವರು ನಾಳೆ ಊರಿನ ಸರ್ಕಾರಿ ಕಚೇರಿಯ ಕುರ್ಚಿಯಲ್ಲಿ ಕೂರುತ್ತೀರಿ. ಅಂಥ ವರ್ಷದಲ್ಲಿ ಯಾರಾದರೂ ಕೆಲಸ ಕೇಳಿಕೊಂಡು ಬಂದರೆ ‘ಮುಂದಿನ ವಾರ ಬಾರಮ್ಮ’ ಎನ್ನಬೇಡಿ. ಅರ್ಜಿ ತೆಗೆದುಕೊಂಡು ದಿನಾಂಕ ಹಾಕಿದ ರಸೀದಿ ಕೊಡಿ. ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ರಸೀದಿಯ ಮೇಲಿನ ತಾರೀಖಿನಿಂದ.