ಸೂರ್ಯನಿಗೆ ಸ್ವಿಚ್ಚಿಲ್ಲ
(ಬಾನುಲಿ ಭಾಷಣ)

ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಮನೆಯ ತಾರಸಿಯ ಮೇಲೆ ಸೌರ ಫಲಕಗಳನ್ನು ಹಾಕಿಸಿದರು. ವಿದ್ಯುತ್ತಿನ ಬಿಲ್ಲು ಇಳಿಯಿತು. ಬಂದ ನೆಂಟರನ್ನೆಲ್ಲ ಮೆಟ್ಟಿಲು ಹತ್ತಿಸಿ ಫಲಕಗಳನ್ನು ತೋರಿಸುವ ಸಂಭ್ರಮವೂ ಕೆಲವು ತಿಂಗಳು ನಡೆಯಿತು. ಒಂದು ಮಧ್ಯಾಹ್ನ, ಫಲಕಗಳ ಧೂಳು ತೊಳೆಯಬೇಕೆಂದು ಅವರು ಬಕೆಟ್ಟು ಹಿಡಿದು ಮೇಲೆ ಹೋದರು. ಜಾಗರೂಕರಾದ ಮನುಷ್ಯ, ನೀರು ಮುಟ್ಟುವ ಮೊದಲೇ ಗೋಡೆಯ ಪೆಟ್ಟಿಗೆಯಲ್ಲಿದ್ದ ಬ್ರೇಕರಿನ ಹಿಡಿಯನ್ನು ಕೆಳಕ್ಕೆ ಎಳೆದರು. ಎಳೆದದ್ದೇ ತಡ, ಒಳಗೆ ಬುಸುಗುಟ್ಟುವ ಸದ್ದಾಯಿತು, ಹೊಗೆ ಬಂತು, ಪೆಟ್ಟಿಗೆ ಮೇಣದಂತೆ ಕರಗತೊಡಗಿತು. ಅವರ ಮಗ ಕೆಳಗೆ ಓಡಿಹೋಗಿ ಇನ್ವರ್ಟರನ್ನು ನಿಲ್ಲಿಸಿದ ಮೇಲೆಯೇ ಅದು ತಣ್ಣಗಾದದ್ದು.

ಸಂಜೆ ಅವರು ನನ್ನನ್ನು ಕೇಳಿದ ಪ್ರಶ್ನೆ ಇದು: “ಬೆಂಕಿ ಬಾರದಿರಲೆಂದು ತಾನೆ ಬ್ರೇಕರು ಇರುವುದು? ನಾನು ಅದನ್ನು ಆರಿಸಿದೆ. ಆರಿಸಿದ್ದರಿಂದಲೇ ಬೆಂಕಿ ಹತ್ತಿತಲ್ಲ, ಇದೆಂಥ ನ್ಯಾಯ?”

ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳುವುದೇ ಈ ಹೊತ್ತಿನ ನನ್ನ ಮಾತಿನ ಉದ್ದೇಶ.

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಅಂದಿನಿಂದ ವಿದ್ಯುತ್ತು ಹುಟ್ಟುವ ಜಾಗ ನಮ್ಮ ಮನೆಗೆ ಬಹು ದೂರ. ಅದರ ಕಾವಲು ಬಲ್ಲವರ ಕೈಯಲ್ಲಿ. ಈಗ ಹಾಗಲ್ಲ. ಒಂದು ಕೋಟಿ ಮನೆಗಳ ಮೇಲೆ ಸೌರ ಫಲಕಗಳನ್ನು ಕೂರಿಸುವ ಗುರಿಯಿಂದ ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ ಹೊರಟಿತು. ವಿದ್ಯುದಾಗಾರವೇ ನಮ್ಮ ತಲೆಯ ಮೇಲೆ ಬಂದು ಕುಳಿತಿದೆ. ಕಾವಲೂ ನಮ್ಮದೇ ಆಯಿತು.

ಬೀದಿಯ ಕಂಬದಿಂದ ಮನೆಗೆ ಬರುವುದು ಎ.ಸಿ., ಎಂದರೆ ಪರ್ಯಾಯ ಪ್ರವಾಹ. ಅದು ಉಯ್ಯಾಲೆಯ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ನಮ್ಮ ದೇಶದಲ್ಲಿ ಸೆಕೆಂಡಿಗೆ ೫೦ ಸಲ ಈ ತೂಗಾಟ. ಉಯ್ಯಾಲೆ ಒಂದೊಂದು ತುದಿಯಲ್ಲೂ ಕ್ಷಣಮಾತ್ರ ನಿಂತು ತಿರುಗುವಂತೆ, ಈ ಪ್ರವಾಹವೂ ಸೆಕೆಂಡಿಗೆ ೧೦೦ ಸಲ ಸೊನ್ನೆಗೆ ಬಂದು ದಿಕ್ಕು ಬದಲಿಸುತ್ತದೆ. ಬ್ರೇಕರಿನ ಬಾಯಿ ತೆರೆದಾಗ ಎರಡು ಲೋಹದ ತುದಿಗಳ ನಡುವೆ ಕಿಡಿಯೊಂದು ಸೇತುವೆಯಂತೆ ನಿಲ್ಲುತ್ತದೆ. ಇದಕ್ಕೆ ಆರ್ಕ್ ಎಂದು ಹೆಸರು. ಪ್ರವಾಹ ಸೊನ್ನೆಗೆ ಬಂದಾಗ ಆ ಸೇತುವೆ ತಾನಾಗಿ ಕುಸಿಯುತ್ತದೆ. ಮನೆಬಳಕೆಯ ಬ್ರೇಕರಿಗೆ ಈ ಸೊನ್ನೆಯೇ ದೊಡ್ಡ ಸಹಾಯ.

ಫಲಕದಿಂದ ಬರುವುದು ಡಿ.ಸಿ., ಏಕಮುಖ ಪ್ರವಾಹ. ಇದು ಇಳಿಜಾರಿನಲ್ಲಿ ಉರುಳುವ ಬಂಡಿ; ನಡುವೆ ನಿಲ್ಲುವುದೆಂಬುದಿಲ್ಲ. ಒಮ್ಮೆ ಹುಟ್ಟಿದ ಆರ್ಕಿಗೆ ಸಾಯುವ ಗಳಿಗೆಯೇ ಬರುವುದಿಲ್ಲ. ಅದರ ಶಾಖಕ್ಕೆ ಲೋಹವೇ ಕರಗುವಾಗ ಪ್ಲಾಸ್ಟಿಕ್ಕಿನ ಮಾತೇನು? ನಮ್ಮ ಗೃಹಸ್ಥರ ಪೆಟ್ಟಿಗೆಯಲ್ಲಿ ಇದ್ದದ್ದು ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವ ಎ.ಸಿ. ಬ್ರೇಕರು. ಕೂರಿಸಿದವನು ಕೆಲವು ನೂರು ರೂಪಾಯಿ ಉಳಿಸಿದ್ದ.

ಡಿ.ಸಿ.ಗೆಂದೇ ಮಾಡಿದ ಬ್ರೇಕರಿನ ಒಳಗೆ ಬೇರೆ ಉಪಾಯವಿದೆ. ಬಾಯಿ ತೆರೆದೊಡನೆ ಹುಟ್ಟಿದ ಆರ್ಕನ್ನು ಒಂದು ಅಯಸ್ಕಾಂತ ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿ ತೆಳುವಾದ ಲೋಹದ ಹಲ್ಲೆಗಳ ಸಾಲೊಂದಿದೆ. ಆರ್ಕು ಅವುಗಳ ನಡುವೆ ಸಿಕ್ಕಿ ತುಂಡುತುಂಡಾಗುತ್ತದೆ. ಒಂದೊಂದು ತುಂಡನ್ನೂ ಜೀವಂತವಾಗಿಡಲು ಒಂದಿಷ್ಟು ವೋಲ್ಟು ಬೇಕು. ಎಲ್ಲವೂ ಸೇರಿ ಫಲಕಗಳು ಕೊಡಬಲ್ಲುದಕ್ಕಿಂತ ಹೆಚ್ಚು ಬೇಡಿದಾಗ ಆರ್ಕು ಆರುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ಪ್ರವಾಹದ ದಿಕ್ಕು ತಿರುಗಿದರೆ ಅಯಸ್ಕಾಂತ ಆರ್ಕನ್ನು ತಳ್ಳುವ ದಿಕ್ಕೂ ತಿರುಗುತ್ತದೆ. ಆಗ ಅದು ಹಲ್ಲೆಗಳ ಕಡೆಗೆ ಹೋಗುವ ಬದಲು ಬ್ರೇಕರಿನ ಯಂತ್ರದ ಕಡೆಗೆ ನುಗ್ಗುತ್ತದೆ. ಆದ್ದರಿಂದ ಧನ, ಋಣ ಗುರುತುಗಳಿರುವ ಬ್ರೇಕರನ್ನು ತಯಾರಕರ ಚಿತ್ರದಲ್ಲಿರುವಂತೆಯೇ ಜೋಡಿಸಬೇಕು. ತಂತಿ ಅದಲುಬದಲಾದರೆ ಒಳ್ಳೆಯ ಬ್ರೇಕರೂ ಕೆಟ್ಟ ಬ್ರೇಕರೇ. ಬ್ಯಾಟರಿಯ ತಂತಿಯಲ್ಲಿ ಪ್ರವಾಹ ತುಂಬುವಾಗ ಒಂದು ಕಡೆಗೆ, ಖರ್ಚಾಗುವಾಗ ಇನ್ನೊಂದು ಕಡೆಗೆ ಹರಿಯುತ್ತದೆ. ಅಲ್ಲಿಗೆ ದಿಕ್ಕಿನ ಹಂಗಿಲ್ಲದ ಬ್ರೇಕರೇ ಬೇಕು.

ಕೊಳ್ಳುವಾಗ ಮುಖದ ಮೇಲಿನ ಅಕ್ಷರಗಳನ್ನು ಓದಿರಿ. ವೋಲ್ಟಿನ ಪಕ್ಕದಲ್ಲಿ ಅಲೆಯ ಗುರುತು ಮಾತ್ರ ಇದ್ದರೆ ಅದು ಎ.ಸಿ.ಯದು. ನೇರ ಗೆರೆ, ಅದರ ಕೆಳಗೆ ತುಂಡು ಗೆರೆಗಳಿದ್ದರೆ ಡಿ.ಸಿ.ಯದು.

ಇನ್ನು ಅಳತೆ. ಒಂದು ಮನೆಗೆ ೫೫೦ ವಾಟಿನ ಆರು ಫಲಕಗಳನ್ನು ಒಂದೇ ಸರದಲ್ಲಿ ಪೋಣಿಸಿದ್ದಾರೆ ಎನ್ನೋಣ. ಒಂದೊಂದರ ತೆರೆದ ವೋಲ್ಟು ಸುಮಾರು ೫೦, ಒಟ್ಟು ೩೦೦. ಇದು ೨೫ ಡಿಗ್ರಿ ಉಷ್ಣದ ಲೆಕ್ಕ. ಚಳಿ ಹೆಚ್ಚಿದಂತೆ ಫಲಕದ ವೋಲ್ಟು ಏರುತ್ತದೆ, ಡಿಗ್ರಿಗೆ ಶೇಕಡ ೦.೩ರಷ್ಟು. ಪುಷ್ಯಮಾಸದಲ್ಲಿ ೧೦ ಡಿಗ್ರಿಯ ಬೆಳಗ್ಗೆ ಈ ೩೦೦ ವೋಲ್ಟು ೩೧೩ನ್ನು ಮುಟ್ಟೀತು. ಬ್ರೇಕರಿನ ಡಿ.ಸಿ. ವೋಲ್ಟು ಇದಕ್ಕಿಂತ ಧಾರಾಳವಾಗಿ ಮೇಲಿರಬೇಕು. ಕೆಲವು ಬ್ರೇಕರುಗಳ ಮೇಲೆ ದೊಡ್ಡ ಅಂಕಿ ಬರೆದಿದ್ದರೂ, ಅದರ ಎರಡು ಅಥವಾ ನಾಲ್ಕು ಧ್ರುವಗಳನ್ನು ಒಂದರ ಹಿಂದೊಂದು ಜೋಡಿಸಿದಾಗ ಮಾತ್ರ ಆ ಅಂಕಿ ಸಲ್ಲುತ್ತದೆ. ಇದನ್ನೂ ಚಿತ್ರದಲ್ಲಿ ನೋಡಿಕೊಳ್ಳಬೇಕು. ಪ್ರವಾಹದ ಲೆಕ್ಕ ಸುಲಭ. ಇಂಥ ಫಲಕದ ಗರಿಷ್ಠ ಪ್ರವಾಹ ಸುಮಾರು ೧೪ ಆಂಪೇರು. ಒಂದೂಕಾಲು ಪಟ್ಟು ಮಾಡಿದರೆ ಹದಿನೇಳೂವರೆ. ೨೦ ಆಂಪೇರಿನ ಬ್ರೇಕರು ಸಾಕು. ಬಿಸಿಲಿಗೆ ಕಾದ ಪೆಟ್ಟಿಗೆಯಲ್ಲಿ ಬ್ರೇಕರು ತನ್ನ ಅಂಕಿಗಿಂತ ಮೊದಲೇ ಬೀಳುತ್ತದೆ. ಪೆಟ್ಟಿಗೆಗೆ ನೆರಳು ಬೇಕೆನ್ನುವುದು ಅದಕ್ಕಾಗಿಯೇ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ. ಶಾರ್ಟ್ ಆದರೆ ಬ್ರೇಕರು ಬೀಳುತ್ತದೆ, ಭಯವಿಲ್ಲ ಎನ್ನುತ್ತಾರೆ. ಬೀದಿಯ ವಿದ್ಯುತ್ತಿನಲ್ಲಿ ಇದು ನಿಜ. ಅಲ್ಲಿ ತಂತಿಗೆ ತಂತಿ ತಾಗಿದರೆ ನೂರಾರು ಆಂಪೇರು ನುಗ್ಗುತ್ತದೆ. ಫಲಕದ ವಿಷಯ ಬೇರೆ. ಕೆಲಸ ಮಾಡುವಾಗ ೧೩ ಆಂಪೇರು ಕೊಡುವ ಫಲಕ ಶಾರ್ಟ್ ಆದರೂ ೧೪ನ್ನು ಮೀರುವುದಿಲ್ಲ. ೨೦ ಆಂಪೇರಿನ ಬ್ರೇಕರಿಗೆ ಏನೋ ಕೆಟ್ಟಿತೆಂದು ತಿಳಿಯುವುದೇ ಇಲ್ಲ. ಆದ್ದರಿಂದ ಒಂದೇ ಸರದ ಮನೆಯಲ್ಲಿ ಬ್ರೇಕರು ಬೇಕಾದಾಗ ಮುಚ್ಚುವ ಬಾಗಿಲೇ ಹೊರತು ಎಚ್ಚರವಾಗಿರುವ ಕಾವಲುಗಾರನಲ್ಲ. ನಿಜವಾದ ಕಾವಲು ತಂತಿಯ ಹೊದಿಕೆ. ಅದನ್ನು ಇಲಿ ಕಡಿಯದಂತೆ, ತಗಡಿನ ಅಂಚು ಕೊಯ್ಯದಂತೆ ಕೊಳವೆಯೊಳಗೆ ತರಬೇಕು. ಬ್ಯಾಟರಿಯಾದರೋ ಇದಕ್ಕೆ ತೀರ ವಿರುದ್ಧ. ಶಾರ್ಟ್ ಆದರೆ ಕ್ಷಣದಲ್ಲಿ ಸಾವಿರಾರು ಆಂಪೇರು ಕಕ್ಕಬಲ್ಲದು. ಅದರ ಬ್ರೇಕರನ್ನಾಗಲಿ ಫ್ಯೂಸನ್ನಾಗಲಿ ಬ್ಯಾಟರಿಯ ಮಗ್ಗುಲಲ್ಲೇ ಇಡಬೇಕು.

ಕೂರಿಸುವ ಕೆಲಸ ಪರವಾನಗಿ ಪಡೆದ ಕೆಲಸಗಾರರದು. ಆದರೆ ಮನೆಯ ಯಜಮಾನ ನಿಂತು ನೋಡಬೇಕಾದ ಕೆಲವು ಸಂಗತಿಗಳುಂಟು. ತಂತಿಗಳು ಪೆಟ್ಟಿಗೆಯನ್ನು ಕೆಳಗಿನಿಂದ ಹೊಕ್ಕಿವೆಯೆ? ಮೇಲಿನಿಂದ ಹೊಕ್ಕರೆ ಮಳೆಯ ನೀರೂ ತಂತಿಯ ಹಿಂದೆಯೇ ಬರುತ್ತದೆ. ಬ್ರೇಕರು ಧನ, ಋಣ ಎರಡು ತಂತಿಗಳನ್ನೂ ಕತ್ತರಿಸುತ್ತದೆಯೆ? ಎಳೆ ಎಳೆಯಾದ ತಾಮ್ರದ ತಂತಿಯ ತುದಿಗೆ ಲೋಹದ ತೊಡಿಗೆ ಹಾಕಿದ್ದಾರೆಯೆ? ತಿರುಪುಗಳನ್ನು ತಯಾರಕರು ಹೇಳಿದಷ್ಟೇ ಬಿಗಿದಿದ್ದಾರೆಯೆ? ಸಡಿಲವಾದರೆ ಅಲ್ಲಿ ಶಾಖ ಹುಟ್ಟುತ್ತದೆ. ವಿಪರೀತ ಬಿಗಿದರೆ ಎಳೆಗಳು ತುಂಡಾಗುತ್ತವೆ. ಇದಕ್ಕೆಂದೇ ಅಳತೆಯ ತಿರುಪುಳಿ ಇದೆ. ಕೈಯ ಅಂದಾಜು ಸಾಲದು. ಬೇರೆ ಬೇರೆ ತಯಾರಕರ ಗಂಡು ಹೆಣ್ಣು ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಲು ಬಿಡಬೇಡಿ. ಕಣ್ಣಿಗೆ ಹೊಂದಿದಂತೆ ಕಂಡರೂ ಒಳಗೆ ಅವು ಹೊಂದುವುದಿಲ್ಲ.

ಆಮೇಲಿನ ಪಾಲನೆ ವರ್ಷಕ್ಕೆ ಎರಡು ಸಲ ಸಾಕು: ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ. ಮೊದಲು ಕೆಳಗಿನ ಎ.ಸಿ. ಸ್ವಿಚ್ಚು ಆರಿಸಿ, ಇನ್ವರ್ಟರು ನಿಲ್ಲಲಿ. ಪ್ರವಾಹ ನಿಂತ ಮೇಲೆ ಡಿ.ಸಿ. ಬ್ರೇಕರನ್ನು ಕೆಳಕ್ಕೆ ಎಳೆಯಿರಿ. ಅದನ್ನು ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ. ಒಳಗಿನ ಲೋಹದ ಮುಖಗಳು ಉಜ್ಜಿ ಶುಚಿಯಾಗುತ್ತವೆ. ಮುಟ್ಟದೆ ನೋಡಿ: ಎಲ್ಲಾದರೂ ಕಂದು ಬಣ್ಣಕ್ಕೆ ತಿರುಗಿದೆಯೆ, ಸುಟ್ಟ ವಾಸನೆ ಇದೆಯೆ, ಇರುವೆ ಗೂಡು ಕಟ್ಟಿದೆಯೆ, ಹಲ್ಲಿ ಹೊಕ್ಕಿದೆಯೆ, ನೀರಿನ ಕಲೆ ಇದೆಯೆ? ಇದ್ದರೆ ಬಲ್ಲವರನ್ನು ಕರೆಸಿ. ತಾನಾಗಿ ಬಿದ್ದ ಬ್ರೇಕರನ್ನು ಮತ್ತೆ ಮತ್ತೆ ಎತ್ತಿ ನಿಲ್ಲಿಸಬೇಡಿ. ಇನ್ವರ್ಟರು ನಡೆಯುತ್ತಿರುವಾಗ ತಂತಿಯ ಕೊಂಡಿಯನ್ನು ಕೀಳಲೇಬೇಡಿ. ಆ ಆರ್ಕು ನಿಮ್ಮ ಕೈಯಲ್ಲೇ ಹುಟ್ಟುತ್ತದೆ. ಫಲಕ ತೊಳೆಯುವುದಾದರೆ ಗಾಜು ಕಾಯುವ ಮೊದಲು, ಮುಂಜಾನೆ ತೊಳೆಯಿರಿ.

ಬ್ರೇಕರು ಕೆಳಗಿದ್ದರೂ ಅದರಿಂದ ಫಲಕದವರೆಗಿನ ತಂತಿಯಲ್ಲಿ ಹಗಲೆಲ್ಲ ವಿದ್ಯುತ್ತು ಇದ್ದೇ ಇರುತ್ತದೆ. ಸೂರ್ಯನನ್ನು ಆರಿಸುವ ಸ್ವಿಚ್ಚನ್ನು ಯಾರೂ ಮಾಡಿಲ್ಲ. ಬ್ಯಾಟರಿಯಿದ್ದ ಮನೆಯಲ್ಲಿ ರಾತ್ರಿಯೂ ಅದರ ತಂತಿಗಳಲ್ಲಿ ಅಪಾಯ ಎಚ್ಚರವಾಗಿರುತ್ತದೆ. ಬೆಂಕಿ ಕಂಡರೆ ನೀರು ಎರಚಬೇಡಿ. ಕೆಳಗಿನ ಸ್ವಿಚ್ಚು ಆರಿಸಿ, ಎಲ್ಲರನ್ನೂ ಹೊರಗೆ ಕರೆತಂದು ೧೦೧ಕ್ಕೆ ಇಲ್ಲವೆ ೧೧೨ಕ್ಕೆ ತಿಳಿಸಿ. ತಾರಸಿಯ ಮೇಲೆ ಸೌರ ಫಲಕವಿದೆ ಎಂಬ ಮಾತನ್ನು ಮರೆಯದೆ ಹೇಳಿ. ಬರುವವರ ಜೀವವೂ ಜೀವವೇ.

ನಮ್ಮ ಗೃಹಸ್ಥರ ಮನೆಯಲ್ಲಿ ಈಗ ಹೊಸ ಪೆಟ್ಟಿಗೆ, ಡಿ.ಸಿ. ಬ್ರೇಕರು ಬಂದಿವೆ. ಪೆಟ್ಟಿಗೆಯ ಬಾಗಿಲ ಮೇಲೆ ಅವರ ಶ್ರೀಮತಿಯವರು ದೊಡ್ಡ ಅಕ್ಷರಗಳಲ್ಲಿ ಒಂದು ಸಾಲು ಬರೆದು ಅಂಟಿಸಿದ್ದಾರೆ: “ಮೊದಲು ಕೆಳಗೆ, ಆಮೇಲೆ ಮೇಲೆ.” ಮೊದಲು ಕೆಳಗಿನ ಇನ್ವರ್ಟರು, ಆಮೇಲೆ ತಾರಸಿಯ ಬ್ರೇಕರು ಎಂದು ಅದರ ಅರ್ಥ. ನಿಮ್ಮ ಮನೆಯ ಪೆಟ್ಟಿಗೆಯ ಮೇಲೂ ಇಂಥ ಒಂದು ಚೀಟಿ ಇರಲಿ.