ಮೀನಿಗೆ ಕಾವಲು ಯಾರು?

ಮೀನುಗಾರಿಕೆ ಎಂದರೆ ಥಟ್ಟನೆ ನೆನಪಾಗುವುದು ಮಲ್ಪೆ, ಮಂಗಳೂರು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡಲು ಬಿಡುವು ಕೊಡಬೇಕಲ್ಲ! ಮಾಗಡಿ ಸೀಮೆಯ ತಿಪ್ಪಸಂದ್ರದಲ್ಲಿ ಕೂತವರಿಗೆ ಇದು ದೂರದ ಸುದ್ದಿ ಅನ್ನಿಸಬಹುದು. ಆದರೆ ಮೀನನ್ನು ದಡದ ಊರವರೇ ಕಾಯಬಲ್ಲರೇ ಎಂಬುದನ್ನು ನಮ್ಮ ಜಿಲ್ಲೆಯಲ್ಲೇ ಪರೀಕ್ಷಿಸಿ ನೋಡಿದ್ದಾರೆ.

ಮಾಗಡಿ ತಾಲ್ಲೂಕನ್ನು ಹಾದು ಬರುವ ಅರ್ಕಾವತಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲೇ ಹತ್ತಿರ ಗಾಳಿಬೋರೆ. ಅಲ್ಲಿನ ಮಡುಗಳಲ್ಲಿರುವುದು ಮಹಶೀರ್, ಜನರ ಬಾಯಲ್ಲಿ ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಒಂದು ಮೀನು 120 ಪೌಂಡ್ ತೂಗಿತ್ತು!

ಈ ಮೀನಿಗೆ ದೊಡ್ಡ ಶತ್ರು ಸಿಡಿಮದ್ದು. ಒಂದು ಎಸೆದರೆ ತಾಯಿ, ಮರಿ ಎಲ್ಲ ಒಟ್ಟಿಗೆ ತೇಲುತ್ತವೆ. 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದಷ್ಟು ಭಾಗವನ್ನು ಗುತ್ತಿಗೆ ಪಡೆದು, ಸುತ್ತಲಿನ ಹಳ್ಳಿಗರನ್ನೇ ಕಾವಲಿಗೆ ಇಟ್ಟಿತು. ಗಾಳ ಹಾಕಲು ಬಂದವರು ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಬೇಕು. ಹರಿಗೋಲು ನಡೆಸುವವರಿಗೂ ದಾರಿ ತೋರುವವರಿಗೂ ಕೂಲಿ ಸಿಕ್ಕಿತು. ಮೀನು ಬದುಕಿದ್ದರೇ ಲಾಭ ಎಂಬ ಲೆಕ್ಕ ಊರಿಗೆ ಅರ್ಥವಾಯಿತು. 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಹಿಡಿದು ಬಿಟ್ಟ ಮೀನುಗಳು ಆರು ಸಾವಿರಕ್ಕೂ ಹೆಚ್ಚು.

ಆದರೆ ಹಿಡಿದು ಬಿಟ್ಟ ಮೀನುಗಳ ಆ ದಾಖಲೆ ಇನ್ನೊಂದನ್ನೂ ಹೇಳಿತು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನ ತಳಿ ಕರಗುತ್ತಲೇ ಇತ್ತು. 2018ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಕಾವಲು ಗಟ್ಟಿಯಿತ್ತು, ಕಾಯುತ್ತಿದ್ದ ಮೀನೇ ಬೇರೆಯಾಗುತ್ತಿತ್ತು.

ಅಷ್ಟರಲ್ಲಿ ವನ್ಯಜೀವಿ ಕಾಯ್ದೆಯ ಕಾರಣಕ್ಕೆ ಅಲ್ಲಿನ ಅಭಯಾರಣ್ಯದಲ್ಲಿ ಗಾಳವೂ ನಿಂತಿತು. ಮೋಜಿಗಾಗಿ ಮೀನನ್ನು ಗಾಳಕ್ಕೆ ಸಿಕ್ಕಿಸುವುದು ತಪ್ಪು ಎನ್ನುವವರ ಮಾತು ನ್ಯಾಯವಾದದ್ದೇ. ಆದರೂ ಗಾಳದ ಹಣದಿಂದ ಬರುತ್ತಿದ್ದ ಕಾವಲುಗಾರನ ಸಂಬಳಕ್ಕೆ ಬೇರೆ ದಾರಿ ಹುಡುಕದೆ ಗಾಳವನ್ನು ನಿಲ್ಲಿಸಿದರೆ ನಷ್ಟ ಹೊಳೆಗೇ ಎಂದು ನನ್ನ ಅಭಿಪ್ರಾಯ.

ಹೊಳೆಯ ಈ ಪಾಠ ನಮ್ಮ ಕೆರೆಗಳಿಗೂ ಸಲ್ಲುತ್ತದೆ. ಇಲ್ಲಿ ಕಾಟ್ಲಾ, ರೋಹು, ಗೆಂಡೆ ಮರಿ ಬಿಡುತ್ತಾರೆ, ಮೀನು ಹಿಡಿಯುವ ಹಕ್ಕು ಹರಾಜಾಗುತ್ತದೆ. ಗುತ್ತಿಗೆ ಒಂದೇ ವರ್ಷದ್ದಾದರೆ ಹಿಡಿದವನು ಮರಿಯನ್ನೂ ಬಿಡುವುದಿಲ್ಲ, ಬಿಟ್ಟರೆ ಅದು ಇನ್ನೊಬ್ಬನ ಪಾಲು. ಹರಾಜಿನಲ್ಲಿ ಎಷ್ಟು ಹಣ ಬಂತು ಎಂದು ಕೇಳುವ ಗ್ರಾಮಸಭೆ, ಗುತ್ತಿಗೆ ಎಷ್ಟು ವರ್ಷದ್ದು, ಯಾವ ಮರಿ ಬಿಟ್ಟರು, ಬಲೆಯ ಕಣ್ಣು ಎಷ್ಟು ಅಗಲ ಎಂದೂ ಕೇಳಬಹುದು.